ಗೋಡೆಗೆ ತೂಗಿದ ನನ್ನ ಬೇಸ್

ಫೆಬ್ರವರಿ 21, 2016. ಭಾನುವಾರ

ನಲ್ಲಿ ಇಂದೂ ಒಣ. ಬಟ್ಟೆ ನೆನೆಹಾಕಲಿಲ್ಲ. ಬೇಸ್ ಗಿಟಾರಿಗೆ ಹೊಸ ತಂತಿ ತರೋಣವೆಂದು ಬೀದರಿನ ಚೌಬಾರಾ ಹತ್ತಿರ ಮುಜೀಬೋದ್ದೀನ ಚಾಚಾನ ಹಳೆ ವಾದ್ಯಗಳ ಅಂಗಡಿಗೆ ಹೋದೆ. ತಂತಿಯ ಪಾಕೀಟು ಕೈಯಲ್ಲಿ. ತಲೆ ಎತ್ತಿದರೆ — ಗೋಡೆಗೆ ನನ್ನ ಬೇಸ್.

ನನ್ನದೇ. ಕಂದು ಬಣ್ಣ. ಭಾತಂಬ್ರಾದಲ್ಲಿ ಟ್ರ್ಯಾಕ್ಟರ್‌ನಿಂದ ಇಳಿಸುವಾಗ ಕೆಳಮೂಲೆಯಲ್ಲಿ ಹಾರಿದ ಚಕ್ಕೆ. ಇಳಿಸಿ ಹಿಂದೆ ತಿರುಗಿಸಿದೆ. ನಾನು ಅಂಟಿಸಿದ್ದ ಅಶೋಕಚಕ್ರದ ಸ್ಟಿಕ್ಕರನ್ನು ಕೆರೆದು ತೆಗೆದಿದ್ದಾರೆ. ದುಂಡನೆಯ ಗುರುತು ಹಾಗೇ ಇದೆ. ಕೊರಳಿಗೆ ಬೆಲೆಚೀಟಿ.

“ಚಾಚಾ, ಇದು ಎಲ್ಲಿಂದ ಬಂತ್ರಿ?”

“ಭಾಲ್ಕಿ ಮಚ್ಛೇಂದ್ರ ಮಾರಿ ಹೋಗ್ಯಾನ ಬೇಟಿ. ಪಾರ್ಟಿ ಸಾಮಾನ ಅಂದ. ಬರಗಾಲದಾಗ ಪ್ರೋಗ್ರಾಂ ಇಲ್ಲ ಅಂದ.”

ಪಾರ್ಟಿ ಸಾಮಾನು! ಅವನ ಪಾರ್ಟಿಯಲ್ಲಿ, ಅಂದರೆ ಭೀಮಗೀತೆ ಹಾಡುವ ಮೇಳದಲ್ಲಿ, ವರ್ಷಗಟ್ಟಲೆ ನುಡಿಸಿದ್ದೇನೆ, ಸರಿ. ಕೊಂಡದ್ದು ನಾನು, ಶಾಲೆಯ ಸಂಬಳದಲ್ಲಿ. ಬಸ್ಸಿನಲ್ಲಿ ಹೊತ್ತು ತಿರುಗುವುದು ಬೇಡವೆಂದು ಅವನ ಮನೆಯಲ್ಲಿ ಇಟ್ಟಿದ್ದೆ, ಅಷ್ಟೇ. ತಂತಿ ಕೊಂಡು ಬಂದೆ. ಯಾತಕ್ಕೆ ಕೊಂಡೆನೋ.

ಫೆಬ್ರವರಿ 22

ಫೋನು ಹಚ್ಚಿದೆ. ಅವನಿಗೆ ನಾಚಿಕೆಯೂ ಇಲ್ಲ.

“ಪಾರ್ಟಿಯೊಳಗ ಬಂದದ್ದು ಪಾರ್ಟೀದು, ತಂಗಿ. ಇನ್ನ ಬೇಸ್‌ಗೆ ಬ್ಯಾರೆ ಮನಶ್ಯಾ ಯಾಕ ಬೇಕು? ಕೀಬೋರ್ಡಿನ ಎಡಗೈಯಾಗೇ ಬರ್ತದ. ನೀ ಆರಾಮ ಸಾಲಿ ಕಲಸ್ಕೋತ ಇರು.”

“ಅದು ನಂದು ಅಂತ ನಿಮಗ ಗೊತ್ತದ ಇಲ್ರಿ ಅಣ್ಣಾ?”

“ಯಾರ ಹೇಳ್ಯಾರ ನಿಂದು ಅಂತ?”

ಇಟ್ಟುಬಿಟ್ಟ. ಅದೇ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿದೆ. ಯಾರು ಹೇಳಿದ್ದಾರೆ... ನೀನೇ ಹೇಳುತ್ತಿ ಮಚ್ಛೇಂದ್ರ. ಮಂದಿಯ ಮುಂದೆ, ನಿನ್ನ ಬಾಯಿಂದಲೇ ಹೇಳಿಸುತ್ತೇನೆ. ಜಗಳವಿಲ್ಲ, ಪೊಲೀಸರಿಲ್ಲ. ಹಾವು ಸಾಯಬೇಕು, ಕೋಲು ಮುರಿಯಬಾರದು.

ಮಾರ್ಚ್ 6

ಚಾಚಾ ಒಂದು ದಾರಿ ಹೇಳಿದರು. ಬೇಸಿಗೆ, ಈಗ ಹೇಗೂ ಮುಂಜಾನೆ ಮಾತ್ರ ಶಾಲೆ. ಮಧ್ಯಾಹ್ನ ಅಂಗಡಿಯಲ್ಲಿ ಕೂತು ಗಿರಾಕಿಗಳಿಗೆ ಗಿಟಾರು, ಅದರ ಸಪ್ಪಳ ಏರಿಸುವ ಆಂಪು ನುಡಿಸಿ ತೋರಿಸುವುದು. ಆ ಲೆಕ್ಕದಲ್ಲಿ ಬೇಸ್ ಬಿಡಿಸಿಕೊಳ್ಳುವುದು. ಅಲ್ಲಿಯವರೆಗೆ ಯಾರಿಗೂ ಮಾರುವುದಿಲ್ಲ ಎಂದಿದ್ದಾರೆ. ಒಳ್ಳೆಯ ಮನುಷ್ಯ. ಅವರೂ ದುಡ್ಡು ಕೊಟ್ಟೇ ಕೊಂಡದ್ದು.

ನನ್ನ ಬೇಸನ್ನೇ ಗೋಡೆಯಿಂದ ಇಳಿಸಿ, ಅದರಲ್ಲೇ ನುಡಿಸಿ, ಬೇರೆಯವರಿಗೆ ಬೇರೆ ಬೇಸ್ ಮಾರುತ್ತೇನೆ. ಸಂಜೆ ಒರೆಸಿ ಮತ್ತೆ ಗೋಡೆಗೆ. ಹಲ್ಲು ಕಡಿಯುತ್ತ ಒರೆಸುತ್ತೇನೆ.

ಮಾರ್ಚ್ 13

ಕೊಳ್ಳುವವರಿಗಿಂತ ಮಾರುವವರೇ ಹೆಚ್ಚು. ಹೈದರಾಬಾದಿಗೆ, ಪುಣೆಗೆ ಹೊರಟವರು. ಇಂದು ಚಿಂತಾಕಿಯ ಒಬ್ಬಾತ ಡ್ರಮ್ ಪ್ಯಾಡ್ ತಂದಿದ್ದ. ಹೆಂಡತಿ ಹೊರಗೆ ಆಟೋದಲ್ಲಿ ಗಂಟು ಮೂಟೆ ಸಮೇತ ಕೂತಿದ್ದಳು. ಮಾರಿದ ಮೇಲೂ ಒಮ್ಮೆ ಬಾರಿಸಿ ನೋಡಿದ. ಮಾರುವವರೆಲ್ಲ ತಮ್ಮದನ್ನು ತಾವೇ ಮಾರುತ್ತಾರೆ. ಮಚ್ಛೇಂದ್ರ ಒಬ್ಬನೇ ಜಾಣ.

ಮಾರ್ಚ್ 27

ಶಾಲುಬಾಯಿ ಮಾವಶಿ ಅಂಗಡಿ ಹುಡುಕಿಕೊಂಡು ಬಂದರು. ಔರಾದಿನ ಹೆಂಗಸರ ಪಾರ್ಟಿಯ ಯಜಮಾನ್ತಿ. ಕಂಠ ಹೇಗಿದೆ ಅಂದರೆ, ಮೈಕು ಕೆಟ್ಟರೂ ಊರಿಗೆ ಕೇಳುತ್ತದೆ.

“ಜಯಂತಿಗೆ ಔರಾದದಾಗ ಸವಾಲ್-ಜವಾಬ್ ಅದ. ಅತ್ಲಾಗ ಮಚ್ಛೇಂದ್ರಂದು ಗಂಡಸರ ಪಾರ್ಟಿ, ಇತ್ಲಾಗ ನಮ್ದು. ಬೇಸ್ ಹಿಡೀತಿ ಏನು?”

ಹಿಡೀತೀನಿ ಅಂದೆ. ಕೇಳುವುದಕ್ಕೂ ಮುಂಚೆ ಅಂದೆ. ಒಂದು ಪಾರ್ಟಿ ಹಾಡಿನಲ್ಲಿ ಸವಾಲು ಹಾಕುವುದು, ಇನ್ನೊಂದು ಹಾಡಿನಲ್ಲೇ ಜವಾಬು ಕೊಡುವುದು. ಗೆದ್ದವರಿಗೆ ಶಾಲು. ದುಡಿಯಲು ಹೋದ ಮಂದಿ ಯುಗಾದಿಗೆ ಬರದಿದ್ದರೂ ಬಾಬಾಸಾಹೇಬರ ಜಯಂತಿಗೆ ಬಂದೇ ಬರುತ್ತಾರೆ. ಅಷ್ಟೂ ಮಂದಿಯ ಮುಂದೆ ಅವನು, ನಾನು.

ಅಂದಿಗೆ ಬೇಸ್ ಒಯ್ಯಿ ಎಂದರು ಚಾಚಾ.

ಏಪ್ರಿಲ್ 3. ಭಾನುವಾರ

ಇಂದು ಬರೆಯುವಾಗ ನಗು ತಡೆಯಲಾಗುತ್ತಿಲ್ಲ.

ಮಚ್ಛೇಂದ್ರ ಬಂದ. ಹಿಂದೆ ಇಬ್ಬರು ಬಾಲಬಡುಕರು. ನನ್ನನ್ನು ಕಂಡು ಒಂದು ಕ್ಷಣ ಹುಳ್ಳಗಾದ. “ಜೈಭೀಮ ತಂಗಿ.” ಎಷ್ಟೇ ಸಿಟ್ಟಿದ್ದರೂ ಜೈಭೀಮಿಗೆ ಜೈಭೀಮ ಹೇಳಲೇಬೇಕು. ಅಪ್ಪ ಕಲಿಸಿದ್ದು. ಹೇಳಿದೆ.

ಕೀಬೋರ್ಡಿನ ಬೇಸ್ ಧಂ ಧಂ ಎನ್ನಲು ಆಂಪ್ ಬೇಕಂತೆ. ಎರಡಿದ್ದವು. ಒಂದು ಹಳೆಯ ಬೇಸ್ ಆಂಪ್ — ಕಪ್ಪು, ಗೀರು ಬಿದ್ದದ್ದು, ಎತ್ತಲು ಇಬ್ಬರು ಬೇಕು. ಇನ್ನೊಂದು ತೆಳು ದನಿಯ ಲೀಡ್ ಗಿಟಾರಿನದು — ಬೆಳ್ಳಿ ಬಣ್ಣದ ಜಾಳಿ, ಕೆಂಪು ದೀಪ, ಸಾಲು ಸಾಲು ಬಿರಡೆ. ಮದುವಣಗಿತ್ತಿಯ ಹಾಗೆ.

“ಎರಡೂ ವ್ಯಾಟ್ ಒಂದೇ ಅವ ಅಲ್ರಿ ಚಾಚಾ?” ಕೇಳಿದ ಮಚ್ಛೇಂದ್ರ.

ಚಾಚಾ ನನ್ನ ಕಡೆ ನೋಡಿದರು. ನೀನೇ ಹೇಳು ಎಂದು.

ಮಚ್ಛೇಂದ್ರನನ್ನು ನಾನು ಬಲ್ಲೆ. ನಾನು ಈ ಶ್ರುತಿ ಅಂದರೆ ಅವನು ಆ ಶ್ರುತಿ. ಸಂತಪುರ ರಸ್ತೆ ಚೆನ್ನಾಗಿದೆ ಅಂದರೆ ಇನ್ನೊಂದು ರಸ್ತೆಯಲ್ಲಿ ಹೋಗಿ ಟೆಂಪೊ ಹೂಳಿಸಿಕೊಂಡವನು. ಹೆಣ್ಣುಮಗಳ ಮಾತು ಕೇಳಿದ ಎಂದು ಯಾರಾದರೂ ಅಂದಾರು ಎಂಬ ಭಯ.

ಆದ್ದರಿಂದ ನಿಜ ಹೇಳಿದೆ. ಎಲ್ಲರಿಗೂ ಕೇಳುವಂತೆ.

“ವ್ಯಾಟ್ ಒಂದೇ ಅಣ್ಣಾ, ಹೊಟ್ಟಿ ಬ್ಯಾರೆ. ಆ ಬೆಳ್ಳೀದು ಲೀಡ್ ಗಿಟಾರಿಂದು. ಅದ್ರಾಗ ಬೇಸ್ ಜೋರ್ ಬಿಟ್ರ ಸ್ಪೀಕರ್ ಹರೀತದ. ಈ ಹಳೀದು ತಗೋರಿ.”

“ಬೇಟಿ ಖರೇ ಹೇಳ್ಲತ್ತಾಳ” ಎಂದರು ಚಾಚಾ.

ಮಚ್ಛೇಂದ್ರ ಬಾಲಬಡುಕರ ಕಡೆ ತಿರುಗಿ ಕಣ್ಣು ಹೊಡೆದ. “ನೋಡ್ರೋ, ಇಬ್ರೂ ಕೂಡಿ ಹಳೇ ಸಾಮಾನ ನನ್ನ ತಲೀಗೆ ಕಟ್ಲತ್ತಾರ. ಜಯಂತಿ ಸವಾಲಿನಾಗ ನನ್ನ ಸಪ್ಪಳ ಕಡಿಮಿ ಆಗ್ಬೇಕು ಇವಳಿಗಿ.”

ಬೆಳ್ಳಿಯದನ್ನೇ ಹೊತ್ತು ಹೋದ. ನಾನೇ ಬಾಗಿಲು ಹಿಡಿದೆ. ಒಂದೂ ಸುಳ್ಳು ಹೇಳಲಿಲ್ಲ. ನಿಜ ಹೇಳಿಯೇ ಕೆಡವಿದೆ.

ಏಪ್ರಿಲ್ 9

ಭಾಲ್ಕಿಯಿಂದ ಬಂದವರು ಹೇಳಿದರು — ಅವನು ಮನೆಯಲ್ಲಿ ಸಣ್ಣ ಸಪ್ಪಳದಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದಾನೆ, ಅಕ್ಕಪಕ್ಕದವರ ಕಾಟ. ಮಾಡು, ಮಾಡು. ಜಯಂತಿಯ ದಿನ ಪೂರ್ತಿ ಬಿಡುತ್ತಿ. ಅಂದು ಹರಿಯುತ್ತದೆ. ಕೂತಲ್ಲೇ ಆ ಸಪ್ಪಳ ಊಹಿಸಿಕೊಳ್ಳುತ್ತೇನೆ. ಸಿಹಿ ತಿಂದ ಹಾಗಾಗುತ್ತದೆ.

ಏಪ್ರಿಲ್ 11

ಮಾವಶಿಯ ಫೋನ್. ಔರಾದಿನ ಕಮಿಟಿಯವರು ಎರಡು ಸೌಂಡ್ ಸೆಟ್ ತರಿಸುವುದಿಲ್ಲವಂತೆ. ಬಂದ ಮಂದಿಗೆ ನೀರಿನ ಟ್ಯಾಂಕರ್ ತರಿಸಿದ್ದಾರೆ, ಅದಕ್ಕೇ ಎಲ್ಲ ಖರ್ಚು. “ಎರಡೂ ಪಾರ್ಟಿಗೆ ಒಂದೇ ಸೆಟ್. ಮಚ್ಛೇಂದ್ರ ತಂದು ಪುಕ್ಕಟ ಕೊಡ್ತಾನಂತ. ದೊಡ್ಡ ಮನಸ ಮಾಡ್ಯಾನ.”

ದೊಡ್ಡ ಮನಸ್ಸು. ಹೆಂಗಸರ ಹಾಡು ಮೊದಲು. ಅಂದರೆ ಆ ಬೆಳ್ಳಿ ಡಬ್ಬಿಗೆ ಮೊದಲು ವೈರು ಚುಚ್ಚುವವಳು ನಾನು. ಹರಿದರೆ ನನ್ನ ಕೈಯಲ್ಲೇ ಹರಿಯುತ್ತದೆ. ನಾನು ತೋಡಿದ ಗುಂಡಿ. ಥೂ.

ಏಪ್ರಿಲ್ 12

ಅವನಿಗೇ ಫೋನ್ ಮಾಡಿದೆ. “ಅಣ್ಣಾ, ಕೈ ಮುಗಿದು ಹೇಳ್ತೇನಿ. ಆ ಆಂಪಿನಾಗ ಬೇಸ್ ಸಣ್ಣದೇ ಇರಲಿ. ಜೋರ್ ಮಾಡಬ್ಯಾಡ್ರಿ.”

“ಹೆದ್ರಿಕಿ ಬಂತಾ, ತಂಗಿ?” ನಕ್ಕ.

ಅವನಿಗಾಗಿ ಹೇಳಿದೆನೋ, ನನಗಾಗಿ ಹೇಳಿದೆನೋ... ನನಗಾಗಿಯೇ.

ಏಪ್ರಿಲ್ 15. ಔರಾದ್. ಮಾವಶಿಯ ಮನೆ

ಎಲ್ಲ ಕ್ರಮವಾಗಿ ಬರೆಯಬೇಕು, ಕೈ ಓಡುತ್ತಿದೆ.

ನಿನ್ನೆ ಸಂಜೆ. ಮೆರವಣಿಗೆ ಮುಗಿದಿತ್ತು. ಮೈದಾನದಲ್ಲಿ ನೀಲಿ ಬಾವುಟ, ಟ್ಯಾಂಕರಿನ ಮುಂದೆ ಕೊಡಗಳ ಸಾಲು. ಹೈದರಾಬಾದಿನಿಂದ, ಪುಣೆಯಿಂದ ಟೆಂಪೊ ತುಂಬಿ ಬಂದಿದ್ದರು. ಹೊಸ ಸೀರೆ, ಸಿಮೆಂಟು ತಿಂದ ಕೈ.

ನಾವು ಮೊದಲು. ಬಿರಡೆ ಚೂರೇ ತಿರುಗಿಸಿ ಕುಳಿತೆ. ವಂದನೆ ಮುಗಿಯಿತು, ಮೊದಲ ಹಾಡು ಏರಿತು. ನನ್ನ ಬೇಸ್ ನನಗೇ ಕೇಳದು. ಮಾವಶಿ ಹಾಡುತ್ತಲೇ ತಿರುಗಿ ಕಣ್ಣು ಬಿಟ್ಟರು — ಎಲ್ಲಿದೆ ನಿನ್ನ ಬೇಸ್ ಎಂದು. ಅಳು ಬಂತು. ಇಷ್ಟು ದಿನ ಕಾದು, ಇಷ್ಟು ಮಂದಿಯ ಮುಂದೆ ಮೂಕಿಯ ಹಾಗೆ ಕೂತಿದ್ದೇನೆ.

ಅದನ್ನು ನೋಡಿದವನು ಅವನೇ. ಸರದಿ ಕಾಯುತ್ತ ಪಕ್ಕದಲ್ಲಿ ನಿಂತಿದ್ದ. ಮೈಕು ಹಿಡಿದು ಮುಂದೆ ಬಂದ. ಪದ್ಧತಿಯೇ ಅದು, ಎದುರಾಳಿಯನ್ನು ಹಾಡಿನ ನಡುವೆ ಕೆಣಕಬಹುದು.

“ಕೇಳ್ರಿ ಮಂದಿ! ಬೀದರದ ಬಾಯಿ ಬೇಸ್ ಬಾರ್ಸಲತ್ತಾಳ, ಯಾರಿಗರೆ ಕೇಳಿಸ್ಲತ್ತದೇನು? ನಾ ಜೋರ್ ಮಾಡಿ ಕೊಡ್ತೇನಿ, ತಂಗಿ!”

ಬಗ್ಗಿದ. ಬಿರಡೆಗೆ ಕೈ ಹಾಕಿದ. ಪೂರ್ತಿ ತಿರುಗಿಸಿದ.

ನಾನು ತಂತಿ ಬಿಡಬಹುದಿತ್ತು. ಬಿಡಲಿಲ್ಲ. ಅತಿ ದಪ್ಪ ತಂತಿಯನ್ನೇ, ಇದ್ದ ಬಲವೆಲ್ಲ ಹಾಕಿ, ಮೀಟಿದೆ.

ಫರ್ರ್ —

ಹಳೆಯ ಗೋಣಿಚೀಲ ಹರಿದ ಹಾಗೆ. ಆಮೇಲೆ ಹಿಂದಿನಿಂದ ಯಾರೋ ಕೂಗಿದರು: “ಮಚ್ಛೇಂದ್ರಣ್ಣಾ, ಹೊಟ್ಟಿ ಕೆಟ್ಟದೇನ್ರಿ?”

ನಗು ನೋಡಬೇಕಿತ್ತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅವನ ಕೈ ಇನ್ನೂ ಬಿರಡೆಯ ಮೇಲೇ. ಕೆಣಕಲು ಬಂದವನು ತನ್ನ ಆಂಪನ್ನು ತಾನೇ ಹರಿದುಕೊಂಡ. ಮಾವಶಿ ಆಂಪ್ ಇಲ್ಲದೆ, ಬರೀ ಢೋಲಕಿಯ ಮೇಲೆ ಅವನು ಕೆಣಕಿದ ಮಾತಿಗೆ ಜವಾಬು ಹಾಡಿದರು. ಮಂದಿ ಚಪ್ಪಾಳೆಯಲ್ಲೇ ತಾಳ ಕೊಟ್ಟರು.

ಅವನ ಸರದಿಗೆ ಕೀಬೋರ್ಡಿನ ಎಡಗೈ ಸತ್ತೇ ಹೋಗಿತ್ತು. ತೆಳ್ಳನೆ ಕುಂಯ್‌ಕುಂಯ್. ಮಂದಿ ಎದ್ದು ಊಟದ ಕಡೆ ನಡೆದರು. ಶಾಲು ಮಾವಶಿಗೆ.

ಮಾಡಿದ್ದುಣ್ಣೋ ಮಹರಾಯ! ನಿದ್ದೆ ಚೆನ್ನಾಗಿ ಬಂತು.

ಏಪ್ರಿಲ್ 16

ಬೀದರ್. ಬೇಸ್ ಒರೆಸಿ ಮತ್ತೆ ಗೋಡೆಗೆ ತೂಗಿ ಬಂದೆ. ಹೊಟ್ಟೆ ತುಂಬಿಲ್ಲ. ನಕ್ಕರು, ಸರಿ. ಆದರೆ ಬೇಸ್ ನನ್ನದೆಂಬ ಆ ಮಾತು ಅವನು ಇನ್ನೂ ಹೇಳಿಲ್ಲ.

ಏಪ್ರಿಲ್ 24. ಭಾನುವಾರ

ಬಂದ. ಒಬ್ಬನೇ. ಹರಿದ ಆಂಪನ್ನು ಆಟೋದಲ್ಲಿ ಹಾಕಿಕೊಂಡು. ಮೊದಲು ಚಾಚಾನ ಮೇಲೆ ಹಾರಾಡಿದ — ಕೆಟ್ಟ ಮಾಲು ಕೊಟ್ಟೆ ಎಂದು. ಚಾಚಾ ತಣ್ಣಗೆ ಅಂದರು: “ಈ ಬೇಟಿ ನಾಕ ಮಂದಿ ಮುಂದ ಹೇಳಿದಳು, ಹರೀತದ ಅಂತ. ನಾನೂ ಹೇಳಿದೆ. ನೀ ಕೇಳಿದಿ ಏನು?”

ಸ್ಟೂಲಿನ ಮೇಲೆ ಕೂತ. ಹತ್ತೇ ದಿನದಲ್ಲಿ ಸೊರಗಿದ್ದಾನೆ.

“ಬುದ್ಧ ಪೂರ್ಣಿಮಾಕ್ಕ ಭಾಲ್ಕಿಯಾಗ ಒಂದು ಪ್ರೋಗ್ರಾಂ ಅದ, ತಂಗಿ. ಅದೊಂದು ಚಲೋ ಆತಂದ್ರ ಪಾರ್ಟಿ ಉಳೀತದ. ಇಲ್ಲಂದ್ರ ನಾನೂ ಹೈದ್ರಾಬಾದಿಗಿ ವಾಚ್‌ಮನ್ ಆಗಿ ಹೋಗೋದೇ. ಒಂದು ಆಂಪ್ ಆರಿಸಿ ಕೊಡು.”

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಇದೇ ಸಮಯ.

“ಮೊದಲ ಇದು ಹೇಳ್ರಿ ಅಣ್ಣಾ. ಗೋಡಿ ಮ್ಯಾಲಿನ ಬೇಸ್ ಯಾರ್ದು?”

ನೆಲ ನೋಡಿದ. “ನಿಂದೇ.”

“ಕೇಳಿಸ್ಲಿಲ್ರಿ. ಜೋರ್ ಮಾಡ್ರಿ.”

ಎದ್ದು ನಿಂತ. “ಈ ತಂಗಿ ಗಿರಿಜಾಂದು. ಅಕಿ ದುಡಿದು ತಗೊಂಡದ್ದು. ನಾ ಕದ್ದು ಮಾರೀನಿ.” ಕಿವಿ ಕೆಂಪಗಾಗಿತ್ತು. ಚಾಚಾ ಕೊಟ್ಟಿದ್ದ ದುಡ್ಡನ್ನು ಅವರ ಕೈಗೆ ತಿರುಗಿ ಕೊಟ್ಟ. ಚಾಚಾ ಚೀಟಿ ಹರಿದು ಬೇಸನ್ನು ನನ್ನ ಹೆಗಲಿಗೆ ಹಾಕಿದರು.

ನೆಲದ ಮೇಲೆ ಎರಡು ಆಂಪ್. ಒಂದು ಅದೇ ಹಳೆಯ ಬೇಸ್ ಆಂಪ್. ಇನ್ನೊಂದು ಮೊನ್ನೆ ಲಾತೂರಿನಿಂದ ಬಂದದ್ದು, ಲೀಡ್ ಗಿಟಾರಿನದು. ಇದಕ್ಕೆ ಬೆಳ್ಳಿ ಜಾಳಿ ಇಲ್ಲ. ಎರಡೂ ಕಪ್ಪು, ಎರಡಕ್ಕೂ ಗೀರು. ಹೊರಗಿನಿಂದ ನೋಡಿದರೆ ಅಣ್ಣ ತಮ್ಮ.

“ಈ ಸಲ ನನ್ನ ಬುದ್ಧಿ ನಡಸಂಗಿಲ್ಲ. ನೀ ಯಾವುದಕ್ಕ ಕೈ ಹಚ್ತಿ, ಅದೇ.”

ನನಗೆ ಬೇಕಾದದ್ದೆಲ್ಲ ಸಿಕ್ಕಿತ್ತು. ಬೇಸ್ ಹೆಗಲ ಮೇಲೆ. ಮಾತು ಅವನ ಬಾಯಿಂದ, ಮಂದಿಯ ಮುಂದೆ. ಅಲ್ಲಿಗೆ ಮುಗಿಯಬೇಕಿತ್ತು. ಇಲ್ಲಿಯವರೆಗೆ ಅವನಿಗೆ ನಾನು ಒಂದೂ ಸುಳ್ಳು ಹೇಳಿರಲಿಲ್ಲ.

ಲಾತೂರಿನದರ ಮೇಲೆ, ಹರಿಯುವುದರ ಮೇಲೆ, ಕೈ ಇಟ್ಟೆ.

ಚಾಚಾ ನನ್ನ ಮುಖವನ್ನೇ ನೋಡಿದರು. ನಾನು ಅವರ ಕಡೆ ನೋಡಲಿಲ್ಲ. ಕೈ ತೆಗೆಯಲೂ ಇಲ್ಲ.

ಮಚ್ಛೇಂದ್ರನ ಕಣ್ಣಲ್ಲಿ ನೀರು. ಎರಡೂ ಕೈ ಜೋಡಿಸಿದ. “ಉಪಕಾರ ಆತು. ಜೈಭೀಮ, ತಂಗಿ.”

ತಿರುಗಿ ಹೇಳಬೇಕು. ಎಷ್ಟೇ ಸಿಟ್ಟಿದ್ದರೂ ಹೇಳಬೇಕು. ಬಾಯಿ ತೆರೆದೆ. ಜೈ —