ಅಳತೆಗೋಲು ಕೊಚ್ಚಿಹೋದ ವರ್ಷ

ನದಿ ಲೆಕ್ಕದ ಕೋಣೆ, ನಮ್ಮ ಕಚೇರಿ
ಜೂನ್ 12, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಬಿಪಿ ಹೇಗಿದೆ? ಬಾಣಂತಿ ಮಗಳಿಗೂ ಕೂಸಿಗೂ ನೀನೊಬ್ಬಳೇ ಓಡಾಡುತ್ತಿರುತ್ತೀಯ. ಅಳಿಯನ ಕೈಗೂ ಒಂದಿಷ್ಟು ಕೆಲಸ ಕೊಡು, ಸವೆದುಹೋಗುವುದಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು; ಆದರೆ ಅಲ್ಲಿ ಕೂಸು ಅಳುತ್ತದೆ, ಇಲ್ಲಿ ನಾನು ಬೈಯುತ್ತೇನೆ. ಎರಡೂ ನಿನಗೆ ಒಟ್ಟಿಗೆ ಬೇಡವೆಂದು ಕಾಗದ ಹಿಡಿದೆ.

ನನಗೆ ಊಟ ಸೇರುತ್ತಿದೆ, ಕಚೇರಿ ಸೇರುತ್ತಿಲ್ಲ. ನಿನ್ನ ಶಿಶುವಿಹಾರಕ್ಕೆಂದು ನದಿ ಪಕ್ಕದ ಹೊಸ ಬಡಾವಣೆಯಲ್ಲಿ ನೆಲಮಹಡಿ ನೋಡಿಟ್ಟಿದ್ದೀಯಲ್ಲ, ಅದರ ನೆರೆ ಲೆಕ್ಕ ನನ್ನ ಮೇಜಿಗೇ ಬಂತು. ಪ್ರತಿ ವರ್ಷ ನದಿ ಏರಿದ ಅತಿ ಎತ್ತರದ ಮಟ್ಟಗಳನ್ನು ಸಾಲಾಗಿಟ್ಟು, ಎಂಥ ನೆರೆ ಎಷ್ಟು ವರ್ಷಕ್ಕೊಮ್ಮೆ ಬಂದೀತೆಂದು ಅಂದಾಜು ಮಾಡುವುದೇ ನನ್ನ ಹೊಟ್ಟೆಪಾಡು. ಆ ಸಾಲಿನಲ್ಲಿ ಒಂದು ವರ್ಷ ಖಾಲಿ. ಯಾವುದು ಹೇಳು? ನಾವು ಪಾತ್ರೆಪಗಡಿ ಹೊತ್ತು ಪಕ್ಕದ ಮನೆಯ ಮಹಡಿ ಹತ್ತಿದೆವಲ್ಲ, ಅದೇ ವರ್ಷ! ನೀರು ಯಾವ ಪರಿ ಬಂದಿತ್ತೆಂದರೆ ಅಳತೆಗೋಲನ್ನೇ ಕಿತ್ತುಕೊಂಡು ಹೋಗಿತ್ತು. ಕೋಲಿಲ್ಲ, ಹಾಗಾಗಿ ಅಳತೆಯಿಲ್ಲ; ಅಳತೆಯಿಲ್ಲ, ಹಾಗಾಗಿ ನೆರೆಯೇ ಇಲ್ಲ! ಕಳ್ಳ ಬಾಗಿಲನ್ನೂ ಹೊತ್ತೊಯ್ದ, ಆದ್ದರಿಂದ ಬಾಗಿಲು ಒಡೆದಿಲ್ಲ ಎಂದಂತೆ. ಆಗ ತೆಗೆದ ಫೋಟೋಗಳಲ್ಲಿ ಗೋಡೆಗಳ ಮೇಲಿನ ಕೆಸರಿನ ಗೆರೆ ಹಿಡಿದು ಆ ಮಟ್ಟವನ್ನು ಅಂದಾಜು ಮಾಡಿ ಸೇರಿಸಿದೆ. ಬಡಾವಣೆಯ ಹೊಸ್ತಿಲು ದಾಟುವ ನೆರೆ ನೂರು ವರ್ಷಕ್ಕೊಮ್ಮೆ ಎಂದಿದ್ದದ್ದು ಇಪ್ಪತ್ತು ವರ್ಷಕ್ಕೊಮ್ಮೆ ಎಂದಾಯಿತು.

ಸಾಹೇಬರು ಚಹಾಕ್ಕೆ ಬಿಸ್ಕತ್ತು ಅದ್ದುತ್ತಾ ನೋಡಿದರು. ನೆನೆದ ತುಂಡು ನನ್ನ ನಕ್ಷೆಯ ಮೇಲೆ ಬಿತ್ತು. ಬೆರಳಲ್ಲಿ ಬಳಿದು ಬಾಯಿಗಿಟ್ಟುಕೊಂಡರು. "ಯಾಕ್ರೀ ಇಲ್ಲದ ನಂಬರು ತಂದು ತುರುಕ್ತೀರಾ? ಖಾಲಿ ಇದ್ದಿದ್ದು ಖಾಲಿ ಇರ್ಲಿ ಬಿಡಿ. ನೂರು ವರ್ಷಕ್ಕೊಂದ್ಸಲ ಬರೋದು ಆಗ್ಲೇ ಬಂದು ಹೋಯ್ತಲ್ಲ, ಇನ್ನು ಮೊಮ್ಮಕ್ಕಳು ನೋಡ್ಕೋತಾರೆ." ನದಿಯೇನು ಬಾಡಿಗೆ ವಸೂಲಿಯ ಮಾಲೀಕನೇ, ತಾರೀಖು ನೋಡಿಕೊಂಡು ಬರಲು? ನೂರಕ್ಕೊಂದು ಎಂದರೆ ಪ್ರತಿ ವರ್ಷವೂ ನೂರರಲ್ಲೊಂದು ಪಾಲು ಅಪಾಯ. ಹೋದ ವರ್ಷ ಬಂದದ್ದು ಈ ವರ್ಷವೂ ಬರಬಹುದು. ಅದನ್ನೇ ಹೇಳಿದೆ. ನಾನು ಪದ್ಯ ಗೀಚುವುದು ಅವರಿಗೂ ಗೊತ್ತು; "ಕವಿಗಳೇ, ನೀವು ಪ್ರಾಸ ಕಟ್ಕೊಂಡಿರಿ" ಎಂದರು. ಸುತ್ತಲಿನವರೆಲ್ಲ ಹಲ್ಲು ಕಿರಿದರು. ಆಗಲಿ, ಕಟ್ಟಿದ್ದೇನೆ: ಕೋಲು ಹೋಯ್ತು ನೀರಿಗೆ, ಮಾನ ಹೋಯ್ತು ಮೋರಿಗೆ, ಸಾಹೇಬ್ರು ಹೊರಟ್ರು ಟೂರಿಗೆ.

ನಾನು ಸಹಿ ಹಾಕಲಿಲ್ಲ. ಫೈಲು ಪಕ್ಕದ ಮೇಜಿಗೆ ಜಾರಿತು. ಅಲ್ಲಿ ಕೂರುವ ನನ್ನ ಗೆಳೆಯ, ನಮ್ಮ ಮನೆಯಲ್ಲಿ ನಿನ್ನ ಕೈಯಡುಗೆ ಉಂಡವನು, ಆ ವರ್ಷವನ್ನು ಮತ್ತೆ ಖಾಲಿ ಮಾಡಿ ಸಹಿ ಗೀಚಿಬಿಟ್ಟ. "ನಂದೇನಿದೆ ಅಣ್ಣಾ, ಇದ್ದಿದ್ದನ್ನಷ್ಟೇ ಲೆಕ್ಕ ಹಾಕ್ದೆ" ಎಂದು ಕ್ಯಾಂಟೀನಿಗೆ ಬೇರೆ ಕರೆದ. ಥೂ! ಸುಳ್ಳು ಬರೆದಿದ್ದರೆ ಜಗಳವಾದರೂ ಆಡಬಹುದಿತ್ತು. ಇವರು ಏನನ್ನೂ ಬರೆಯದೆ ಗೆದ್ದರು.

ಕೂಸಿಗೆ ಮುದ್ದು, ಮಗಳಿಗೆ ಆಶೀರ್ವಾದ, ಅಳಿಯನಿಗೆ ಮೇಲೆ ಹೇಳಿದ್ದೇ.

ಇಂತಿ ನಿನ್ನ ತಮ್ಮ,
ಗೊಣಗಪ್ಪ

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು: ಬಡಾವಣೆಯವರು ಆ ವರದಿ ಹಿಡಿದು ಈ ವಾರವೇ ನಿನಗೆ ಫೋನ್ ಮಾಡುತ್ತಾರೆ. "ನಿಮ್ಮ ತಮ್ಮನ ಆಫೀಸಿಂದೇ ಮೇಡಂ" ಅನ್ನುತ್ತಾರೆ. ಒಪ್ಪಬೇಡ. ಮಧ್ಯಾಹ್ನ ಮಕ್ಕಳೆಲ್ಲ ನೆಲದ ಮೇಲೆ ಮಲಗಿರುವಾಗ ನೀರು ಒಳಗೆ ಬಂದರೆ ಎಷ್ಟು ಜನರನ್ನು ಎತ್ತಿಕೊಂಡು ಓಡುತ್ತೀಯ, ಅಕ್ಕಾ? ನಿನಗಿರುವುದು ಎರಡೇ ತೋಳು.