ಎಂಟು ತೂತಿನ ತಗಡು

ನವೆಂಬರ್ 4, ಸಂಜೆ
ಅಕ್ಷರ ಸೊಟ್ಟಗಿವೆ, ತಪ್ಪೂ ಇರುತ್ತವೆ. ಕ್ಷಮೆ ಯಾರಲ್ಲಿ ಕೇಳಬೇಕೋ ಗೊತ್ತಿಲ್ಲ... ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವಳು. ಬಾಯಲ್ಲಿ ಬಾರದ್ದನ್ನು ಇಲ್ಲಿ ಬರೆಯುತ್ತೇನೆ.

ಇವತ್ತೂ ತೊಳೆಯುವ ಕೆಲಸವೇ. ಬಸವಕಲ್ಯಾಣದ ಕುಲ್ಸುಮ್ ಬೀ ಮನೆಯ ಝೂಮರ್ ಹುಮನಾಬಾದಿನ ನಮ್ಮ ರಿಪೇರಿ ಅಂಗಡಿಗೆ ಬಂದಿದೆ. ಅವರ ಮುತ್ತಜ್ಜನ ಕಾಲದ ವಿಲಾಯಿತಿ ತೂಗುದೀಪ. ಮೇಲೆ ಹಿತ್ತಾಳೆಯ ಕಿರೀಟ, ಕೆಳಗೆ ಎಲೆ ಕೆತ್ತಿದ ಅಗಲ ಬಳೆ, ನಡುವೆ ಡೇರೆಯಂತೆ ಇಳಿಯುವ ಮೂವತ್ತೆರಡು ಸರ. ಒಂದೊಂದರಲ್ಲಿ ಇಪ್ಪತ್ತನಾಲ್ಕು ಹರಳು — ಮೇಲೆ ಸಣ್ಣವು, ಇಳಿದಂತೆ ದೊಡ್ಡವು.

ಅಂಗಡಿಯ ಮಾಲೀಕ ಖಾಜಾ ಚಾಚಾ ಕಣ್ಣಿನ ಆಪರೇಷನ್‌ಗೆ ಬೀದರಿಗೆ ಹೊರಡುವಾಗ ಹೇಳಿದರು: "ದ್ರೌಪತಿ, ಒಂದು ಸರ ಬಿಚ್ಚು, ತೊಳಿ, ತಂತಿ ಹಾಕು. ಆಮ್ಯಾಗ ಎರಡನೇದು. ಇದೊಂದು ಮುಗಿಸು ಬೇಟಿ, ಮುಂದ ನನ್ನ ಬಾಜೂಕ ಕುಂತು ಕೆಲಸ ಮಾಡು."

ನವೆಂಬರ್ 5
ಬೇಗ ಮುಗಿಯಲಿ ಎಂದು ಮೂವತ್ತೊಂದು ಸರ ಬಿಚ್ಚಿ ಒಂದೇ ಟಬ್ಬಿಗೆ ಸುರಿದೆ. ಜೋಳ ತೊಳೆದಂತೆ ತೊಳೆದೆ. ಈಗ ಯಾವ ಹರಳು ಎಲ್ಲಿಯದು... ಒಂದೇ ಸರ ಬಿಚ್ಚದೆ ಉಳಿದಿದೆ.

ನವೆಂಬರ್ 9
ಉಳಿದ ಸರ ಎದುರಿಗಿಟ್ಟು ಕಣ್ಣಳತೆಯಲ್ಲಿ ಆರು ಪೋಣಿಸಿದೆ. ತೂಗುಬಿಟ್ಟರೆ ಒಂದು ಉದ್ದ, ಒಂದು ಗಿಡ್ಡ. ಬಳೆ ವಾರೆಯಾಗಿ ನಿಂತಿತು. ಮತ್ತೆ ಬಿಚ್ಚಿದೆ.

ಮಧ್ಯಾಹ್ನ ಕುಲ್ಸುಮ್ ಬೀ ಫೋನ್. "ಹದಿನೇಳಕ್ಕ ಝೂಮರ್ ಮನ್ಯಾಗ ಇರಬೇಕು. ಇಲ್ಲಂದ್ರ ಹರಳು ಬಿಡಿಬಿಡಿ ಮಾರಿಬಿಡ್ತೀನಿ. ಹೈದರಾಬಾದಿನ ವ್ಯಾಪಾರಿ ಕೇಳಾಕತ್ತಾನ."

"ಹೌದ್ರಿ" ಎಂದೆ. ಅಷ್ಟೇ ಬಂತು.

ಬಿಡಿಯಾಗಿ ಹೋಗಲು ಬಿಡುವುದಿಲ್ಲ.

ನವೆಂಬರ್ 10
ಅವ್ವ ಕಾಳಿನ ಮಂಡಿಯ ಕೆಲಸ ಮುಗಿಸಿ ಬಂದಳು, ತಲೆತುಂಬ ತೊಗರಿಯ ಧೂಳು. "ಯಾಕ, ಮಾರಿ ಇಳಿಸ್ಕೊಂಡು ಕುಂತಿ?" ಹೇಳಿದೆ. ನಕ್ಕಳು. "ತೊಗರಿ, ಹೆಸರು ಕಲಸಿ ಬಂದ್ರ ನಾವೇನು ಅಳ್ಕೋತ ಕುಂದರ್ತೀವಾ? ಜರಡಿ ಹಿಡೀತೀವಿ."

ಜರಡಿ!

ಎಣ್ಣೆ ಡಬ್ಬದ ತಗಡು ಕತ್ತರಿಸಿದೆ. ಉಳಿದ ಸರದ ಅಳತೆಗೆ ಸರಿಯಾಗಿ ತೂತು ಕೊರೆದು ಅರದಿಂದ ಉಜ್ಜಿದೆ. ಅಳತೆ ಎಂಟೇ — ಸರದಲ್ಲಿ ಒಂದೊಂದು ಅಳತೆಯವು ಮೂರು ಹರಳು. ಹರಳು ಇಳಿಯುವ ಅತಿ ಸಣ್ಣ ತೂತು ಯಾವುದೋ ಆ ಅಳತೆಯ ಬಟ್ಟಲಿಗೆ.

ನವೆಂಬರ್ 16
ಆರು ದಿನ. ಬೆರಳ ತುದಿಗೆಲ್ಲ ತಂತಿಯ ಗಾಯ. ಮೂವತ್ತೆರಡೂ ಸರ ಒಂದೇ ಉದ್ದ. ಬಳೆಯ ಮೇಲೆ ನೀರಿನ ಲೋಟ ಇಟ್ಟು ನೋಡಿದೆ. ನೀರು ವಾಲಲಿಲ್ಲ.

ನವೆಂಬರ್ 17
ಟೆಂಪೋದಲ್ಲಿ ಝೂಮರ್ ಕುಲ್ಸುಮ್ ಬೀ ಮನೆಗೆ ಒಯ್ದೆ. ಚಾಚಾ ಕಪ್ಪು ಕನ್ನಡಕದಲ್ಲಿ ಬೀದರಿನಿಂದ ನೇರ ಬಸವಕಲ್ಯಾಣಕ್ಕೇ ಬಂದರು. ಬೆರಳಿಂದಲೇ ಸರ ನೋಡಿದರು.

"ಛಲೋ ಆಗೈತಿ. ಒಂದೊಂದ ಬಿಚ್ಚಿ ಮಾಡಿದಿ ಅಲ್ಲ?"

ಹೂಂ ಅನ್ನಬಹುದಿತ್ತು. ಕುಲ್ಸುಮ್ ಬೀ ಎದುರಿಗೇ ಇದ್ದರು. "ಇಲ್ರಿ ಚಾಚಾ. ಎಲ್ಲಾ ಕಲಸಿಬಿಟ್ಟಿದ್ದೆ."

"ಅಯ್ಯ, ಈ ಹುಡುಗಿಗೆ ಮಾತು ಬರ್ತಾವ!" ಎಂದರು ಕುಲ್ಸುಮ್ ಬೀ.

ಚಾಚಾ ನಗಲಿಲ್ಲ. "ಮತ್ತ ಹ್ಯಾಂಗ ಕೂಡಿಸ್ದಿ?"

ಚೀಲದಿಂದ ತಗಡು ತೆಗೆದುಕೊಟ್ಟೆ. ಒಂದೊಂದು ತೂತಿಗೂ ಬೆರಳಿಟ್ಟು ನೋಡಿದರು. "ನಲವತ್ತು ವರ್ಷ ಕಣ್ಣಿಂದ ಅಳತಿ ಮಾಡ್ದೆ. ಕಣ್ಣು ಹೋದ್ವು. ಇದನ್ನ ಒಗೀಬ್ಯಾಡ."

ಝೂಮರ್ ಏರಿಸಿದೆವು. ನೆಟ್ಟಗೆ ನಿಂತಿತು.

ನವೆಂಬರ್ 18, ಬೆಳಿಗ್ಗೆ
ಅಂಗಡಿ ತೆರೆದೆ. ಗೋಡೆಗೆ ಮೊಳೆ ಹೊಡೆದು, ಚಾಚಾರ ಇಕ್ಕಳದ ಪಕ್ಕ ತಗಡನ್ನು ತೂಗುಹಾಕಿದೆ.