ನಕಾಶೆಯಲ್ಲಿ ಬಿಳಿ ಬಿಟ್ಟ ಇಳಿಜಾರು

ಭೂಬಳಕೆ ಯೋಜನಾ ಸಮಿತಿಯ ಕೊಠಡಿ,
ಮಾರ್ಚ್ ೫, ಗುರುವಾರ ಮಧ್ಯಾಹ್ನ

ನನ್ನ ಅಕ್ಕನ ಮುದ್ದಿನ ಮಗಳಿಗೆ ಮಾವನ ಆಶೀರ್ವಾದಗಳು.

ಕಣ್ಣುನೋವು ಹೇಗಿದೆ? ಕಾನೂನು ಪುಸ್ತಕದ ಅಕ್ಷರಗಳು ಇರುವೆ ಸಾಲಿನಂತೆ ಹರಿಯುತ್ತವೆ ಎಂದು ನೀನು ಬರೆದಿದ್ದೆ. ದೀಪವನ್ನು ಎಡಗಡೆಗೆ ಇಟ್ಟುಕೊಂಡು ಓದು. ನಾನು ಕ್ಷೇಮ. ಮೊಣಕಾಲು ಮಾತ್ರ ಮೆಟ್ಟಿಲು ಕಂಡೊಡನೆ ಮುಷ್ಕರ ಹೂಡುತ್ತದೆ. ನಿನ್ನ ಅಮ್ಮ ಆರೋಗ್ಯವಾಗಿದ್ದಾಳೆ, ಮಾತು ಕಡಿಮೆ.

ನಮ್ಮ ಜನರ ನೆಲಕ್ಕಾಗಿ ನೀನು ಬರೆದ ನಕಾಶೆ ಈಗಲೂ ನನ್ನೆದುರಿನ ಗೋಡೆಯ ಮೇಲಿದೆ. ಮೇವಿನ ಬಯಲಿಗೆ ಹಸಿರು, ಮೀನಿನ ತೊರೆಗೆ ನೀಲಿ, ಮನೆಗಳಿಗೆ ಕಾವಿ. ನಾವು ಬಳಸುತ್ತೇವೆಂದು ಭೂಬಳಕೆ ಯೋಜನೆಯಲ್ಲಿ ತೋರಿಸಿದ ಕಡೆ ಗಣಿ ಅಗೆಯುವಂತಿಲ್ಲ ಎಂಬ ಕಾನೂನನ್ನು ನಂಬಿ ಎಷ್ಟು ಶ್ರದ್ಧೆಯಿಂದ ಬಣ್ಣ ತುಂಬಿದ್ದೆ! ಉಳಿದದ್ದು ಪೂರ್ವದ ಇಳಿಜಾರು. ಹೆಸರಿಡುವ ಮೊದಲೇ ತೀರಿಕೊಂಡ ಕೂಸುಗಳನ್ನು ತಾಯಂದಿರು ಮಣ್ಣಿಗಿಟ್ಟು ಬರುವ ಜಾಗ. ಅದನ್ನು ಬೆರಳಿಟ್ಟು ತೋರಿಸುವ ರೂಢಿ ನಮ್ಮಲ್ಲಿಲ್ಲ. ಯಾವ ಕಲ್ಲಿನಡಿ ಯಾರಿದ್ದಾರೆಂದು ಹೆತ್ತವಳಿಗಷ್ಟೇ ಗೊತ್ತು. "ಇದಕ್ಕೆ ಯಾವ ಬಣ್ಣ ಮಾವಾ?" ಎಂದು ನೀನು ಕೇಳಿದೆ. "ಬಿಳಿ ಬಿಡು ಮಗಳೇ, ಗೌರವ ಇರೋರಿಗೆ ಅರ್ಥ ಆಗುತ್ತೆ" ಎಂದೆ. "ಖಾಲಿ ಅಂದ್ಕೋತಾರೆ ಮಾವಾ. ಕಚೇರಿಯವರಿಗೆ ಗೌರವ ಓದೋಕೆ ಬರಲ್ಲ" ಎಂದೆಯಲ್ಲ, ಇನ್ನೂ ವಕೀಲಳೇ ಆಗಿಲ್ಲ, ಆಗಲೇ ವಾದ ಶುರುವಾಯಿತೆಂದು ನಾನು ನಕ್ಕುಬಿಟ್ಟಿದ್ದೆ.

ನೀನು ಹೇಳಿದಂತೆಯೇ ಆಯಿತು. ಯೋಜನೆಯಲ್ಲಿ ಯಾವ ಬಳಕೆಯೂ ನಮೂದಾಗಿಲ್ಲವೆಂದು ಆ ಬಿಳಿ ಭಾಗವನ್ನಷ್ಟೇ ಕತ್ತರಿಸಿದಂತೆ ಗಣಿಗೆ ಕೊಟ್ಟಿದ್ದಾರೆ. ಕಳೆದ ವಾರ ನಮ್ಮ ಮೇಲ್ಮನವಿಯ ವಿಚಾರಣೆಗೆ ಹೋಗಿದ್ದೆವು. ಅಧಿಕಾರಿ ಕೆಟ್ಟವನಲ್ಲ, ನನಗೆ ಕುರ್ಚಿ ಕೊಡಿಸಿದ, ಪೆನ್ಸಿಲನ್ನೂ ಕೈಗಿತ್ತ. "ಎಲ್ಲಿದೆ ತೋರ್ಸಿ ಮೇಷ್ಟ್ರೇ, ನೋಡೋಣ" ಎಂದ. ಮೂವತ್ತು ವರ್ಷ ಮಕ್ಕಳಿಗೆ ನಕಾಶೆ ಓದಲು ಕಲಿಸಿದ ನಾನು ಪೆನ್ಸಿಲನ್ನು ಹಾಗೆಯೇ ಮೇಜಿನ ಮೇಲಿಟ್ಟೆ. ನಾವು ಟೇಪುರಾಯನೆಂದು ಕರೆಯುವ ಕಂಪನಿಯ ಅಳತೆಗಾರ ಹಿಂದಿನಿಂದ, "ಇದ್ರೆ ತಾನೇ ತೋರ್ಸೋಕೆ!" ಎಂದ. ಕೆಲವರು ನಕ್ಕರು. ಯೋಜನೆಯನ್ನು ತಿದ್ದಲು ಕೊಟ್ಟಿದ್ದ ತೊಂಬತ್ತು ದಿನಗಳು ಎಂದೋ ಕಳೆದಿದ್ದವು. ಮೇಲ್ಮನವಿ ನಿನ್ನೆ ತಿರಸ್ಕೃತವಾಗಿ ಹಿಂದಿರುಗಿ ಬಂತು. ಈ ಕಿಟಕಿಯಿಂದ ನೋಡಿದರೆ ಇಳಿಜಾರಿನುದ್ದಕ್ಕೂ ಕಂಪನಿಯವರು ಗುರುತಿಗೆ ನೆಟ್ಟ ಕೆಂಪು ಬಾವುಟಗಳು.

ನಿನ್ನ ಕೈಯಲ್ಲಿ ತಪ್ಪಿರಲಿಲ್ಲ, ಮಗಳೇ. ತಪ್ಪು ನನ್ನ ಮಾತಿನಲ್ಲಿತ್ತು. ನಿನ್ನಂಥವರು ಕಲಿತು ಬಂದರೆ ಮುಂದೆ ಇನ್ಯಾವುದೋ ಊರಿನ ಇಳಿಜಾರಾದರೂ ಉಳಿದೀತು ಎಂಬ ಆಸೆಯನ್ನು ನಾನಿನ್ನೂ ಬಿಟ್ಟಿಲ್ಲ. ನಮ್ಮದು ಉಳಿಯುವುದಿಲ್ಲ. ಮನಸ್ಸು ಗಟ್ಟಿಮಾಡಿಕೊಂಡು ಪರೀಕ್ಷೆ ಬರೆ. ನಿನ್ನ ಕೋಣೆಯ ಗೆಳತಿಗೂ ನನ್ನ ಹಾರೈಕೆ ತಿಳಿಸು.

ಸದಾ ನಿನ್ನ ಒಳಿತನ್ನೇ ಬಯಸುವ,
ಮೇಷ್ಟ್ರು ಮಾವ

ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ: ಆ ದಿನ ಅವರು ನಕ್ಕಾಗ ನಿನ್ನ ಅಮ್ಮ ಎದ್ದು ಬಂದಳು. ಬಿಳಿಯ ಮೇಲೆ ಬೆರಳಿಟ್ಟು, "ಇಲ್ಲಿ. ನನ್ನ ದೊಡ್ಡ ಮಗ ಇಲ್ಲಿದಾನೆ" ಎಂದಳು. ನಿನಗಿಂತ ಮೊದಲು ಒಬ್ಬನಿದ್ದ, ಐದು ದಿನ. ದೂರದ ಶಾಲೆಯಲ್ಲಿದ್ದ ನನಗೂ ಅಂದೇ ತಿಳಿದದ್ದು. ಗಡುವು ಮುಗಿದಿದ್ದರಿಂದ ಅಧಿಕಾರಿ ಅದನ್ನು ಬರೆದುಕೊಳ್ಳಲಿಲ್ಲ. ಅವಳು ಈಗ ದಿನವೂ ಬೆಳಗ್ಗೆ ಹೋಗಿ ಅಲ್ಲೇ ಕೂರುತ್ತಾಳೆ. ನಾನು ಕರೆದರೆ ಏಳುವುದಿಲ್ಲ. ಸೋಮವಾರ ಯಂತ್ರ ಬರುತ್ತದೆ. ಪರೀಕ್ಷೆ ಮುಂದಿನ ವರ್ಷ ಬರೆಯುವೆಯಂತೆ. ಬಾ.